ಅಪ್ಪನ ಟಾಟಾಮೊಬೈಲ್ ಮತ್ತೆ ರಸ್ತೆಗೆ ಇಳಿಸಬೇಕು, ಮಾಡಿಸಿದವರು ಹೇಳಿ

ತೀರ್ಥಹಳ್ಳಿ ಕಡೆಯವನು: 1993ರ ಟಾಟಾಮೊಬೈಲ್ ಪಿಕಪ್. ಅಪ್ಪ ಅಡಿಕೆ, ಗೊಬ್ಬರ ಸಾಗಿಸುತ್ತಿದ್ದ ಗಾಡಿ. ಏಳೆಂಟು ಮಳೆಗಾಲದಿಂದ ಶೆಡ್ಡಿನಲ್ಲೇ ನಿಂತಿದೆ. ಹಿಂದಿನ ಬಾಡಿಯ ತಳ ತೂತು ಬಿದ್ದಿದೆ, ಕ್ಯಾಬಿನ್ ನೆಲ ಒತ್ತಿದರೆ ಬಗ್ಗುತ್ತದೆ. ಇಂಜಿನ್ ಜಾಮ್ ಆಗಿಲ್ಲ ಅನ್ನಿಸುತ್ತದೆ. ಗೂಡ್ಸ್ ರಿಜಿಸ್ಟ್ರೇಷನ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮುಗಿದಿದೆ. ಎರಡು ಲಕ್ಷದೊಳಗೆ ಆಗುತ್ತದೆಯೇ? ಮೊದಲು ಎಲ್ಲಿಗೆ ಕೈ ಹಾಕಲಿ?

ಸಕಲೇಶಪುರ ಡೀಸೆಲ್: ಕೀ ತಿರುಗಿಸಬೇಡಿ. ಬ್ಯಾಟರಿಯನ್ನೇ ಕೂರಿಸಬೇಡಿ. ನಿಮ್ಮದರಲ್ಲಿ ಟಾಟಾದ 483 ಡಿಎಲ್ ಇಂಜಿನ್ ಇದ್ದರೆ, ಅಂದರೆ 1948 ಸಿಸಿಯದ್ದು, ಅದು ಟೈಮಿಂಗ್ ಬೆಲ್ಟಿನದು, ಅಂದರೆ ವಾಲ್ವು, ಪಿಸ್ಟನ್ನಿನ ತಾಳ ತಪ್ಪದಂತೆ ಹಿಡಿಯುವುದು ಹಲ್ಲಿನ ಬೆಲ್ಟು. ವರ್ಷಗಟ್ಟಲೆ ಒಂದೇ ಬಗ್ಗಿನಲ್ಲಿ ನಿಂತ ಬೆಲ್ಟು ಸ್ಟಾರ್ಟರಿನ ಮೊದಲ ಎಳೆತಕ್ಕೇ ಹಲ್ಲು ಕಳಚಬಹುದು. ಕಳಚಿತೋ, ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ, ಅಲ್ಲಿಗೆ ಹೆಡ್ ಕೆಲಸ ಬಂತು.

ಗ್ಲೋ ಪ್ಲಗ್ (ಸ್ಟಾರ್ಟಿಗೆ ಮೊದಲು ಸಿಲಿಂಡರ್ ಕಾಯಿಸುವ ಪ್ಲಗ್) ನಾಲ್ಕೂ ಬಿಚ್ಚಿ. ಒಂದೊಂದು ಸಿಲಿಂಡರಿಗೆ ಸುಮಾರು 20 ಎಂಎಲ್ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಣ್ಣೆ) ಬಿಟ್ಟು ಎರಡು ದಿನ ಹಾಗೇ ಇರಲಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ. ಉದ್ದನೆಯ ಪೈಪು ಸಿಕ್ಕಿಸಿ ಎಳೆಯುವವರನ್ನು ಗಾಡಿಯ ಹತ್ತಿರವೂ ಬಿಡಬೇಡಿ. ಸರಾಗವಾಗಿ ತಿರುಗಿದರೆ ಬೆಲ್ಟು, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಬೇರಿಂಗ್ ಎರಡೂ ಹೊಸದು. ಟೈಮಿಂಗ್ ಮಾರ್ಕ್ ಕೂಡಿಸಿ ಎರಡು ಪೂರ್ತಿ ಸುತ್ತು ಕೈಯಲ್ಲಿ ತಿರುಗಿಸಿ ಮತ್ತೆ ಮಾರ್ಕ್ ನೋಡಬೇಕು. ಒಂದು ಹಲ್ಲು ಆಚೀಚೆ ಆದರೂ ಹೊಗೆ ನಿಲ್ಲುವುದಿಲ್ಲ.

ಟ್ಯಾಂಕು ಇಳಿಸಿ ತೊಳೆಯಿರಿ. ಹಳೇ ಡೀಸೆಲಿನ ತಳದಲ್ಲಿ ನೀರು ಸೇರಿ ಕಪ್ಪು ಲೋಳೆ ಕಟ್ಟಿರುತ್ತದೆ. ಅದು ಡೀಸೆಲ್ ಪಂಪಿನೊಳಗೆ ಹೋದರೆ ನನಗಾದ ಖರ್ಚೇ ನಿಮಗೂ: ಪಂಪ್ ಓವರ್‌ಹಾಲ್, ಕ್ಯಾಲಿಬ್ರೇಷನ್ 18,500, ನಾಲ್ಕು ನಾಝಲ್ 5,200, ಬಿಚ್ಚಿ ಕೂರಿಸಿದ ಕೂಲಿ 3,000. ಹೊಸ ಫಿಲ್ಟರಿಗೆ ಕೊಡುವ ನಾನೂರು ರೂಪಾಯಿ ಉಳಿಸಿದ್ದರ ಫಲ ಇದು, ಉಳಿಸಿದ ಗ್ಯಾರೇಜಿನವರು ಬಿಲ್ಲಿನಲ್ಲಿ ಒಂದು ಪೈಸೆ ಬಿಡಲಿಲ್ಲ. ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ಹರಿಯದಂತೆ ಪಂಪಿನ ಸ್ಟಾಪ್ ಸೊಲೆನಾಯ್ಡ್ ವೈರ್ ಕಿತ್ತು, ಆಯಿಲ್ ಲೈಟ್ ಆರುವವರೆಗೆ ಬಿಟ್ಟು ಬಿಟ್ಟು ಕ್ರ್ಯಾಂಕ್ ಮಾಡಿ. ಈಥರ್ ಸ್ಪ್ರೇ ಮಾತ್ರ ಬೇಡವೇ ಬೇಡ. ಗ್ಲೋ ಪ್ಲಗ್ ಕಾದಿರುವಾಗ ಅದು ಬಿದ್ದರೆ ಪಿಸ್ಟನ್ ರಿಂಗು ಚೂರಾಗುತ್ತದೆ.

ಮಹೀಂದ್ರ ಮನೆತನ: ಬೆಲ್ಟಿನ ಗೋಳೇ ಇಷ್ಟಾದರೆ ಆ ಇಂಜಿನ್ ಇಟ್ಟುಕೊಳ್ಳುವುದು ಯಾಕೆ? ನಮ್ಮ ಮನೆಯ ಪಿಕಪ್ಪಿನಲ್ಲಿರುವುದು ಮಹೀಂದ್ರದ ಎಂಡಿಐ ಇಂಜಿನ್, 2523 ಸಿಸಿ, ಟ್ರ್ಯಾಕ್ಟರ್ ಇಂಜಿನ್ನಿನ ವಂಶದ್ದು. ಗ್ಲೋ ಪ್ಲಗ್ ಬೇಡ, ಬೆಲ್ಟ್ ಬೇಡ, ಹಳ್ಳಿಯ ಲೇತಿನವನಿಗೂ ಕೈಪಾಠ. ಅಂಥ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ ಒಂದನ್ನು ಗೇರ್‌ಬಾಕ್ಸ್ ಸಮೇತ ಗುಜರಿಯಲ್ಲಿ ಹುಡುಕಿ ಇಳಿಸಿಬಿಡಿ. ಮೌಂಟಿಂಗ್ ಹೊಸದಾಗಿ ಕಟ್ಟಬೇಕು, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಒಂದು ಲಕ್ಷಕ್ಕೆ ತಲೆನೋವು ಮುಗಿಯುತ್ತದೆ.

ಸಕಲೇಶಪುರ ಡೀಸೆಲ್: ಮುಗಿಯುವುದಿಲ್ಲ, ಅಲ್ಲೇ ಶುರು. ಆರ್‌ಸಿಯಲ್ಲಿರುವುದಕ್ಕಿಂತ ಬೇರೆ ಕಂಪನಿಯ ಇಂಜಿನ್ ಕೂರಿಸುವುದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ಕ್ಕೆ ನೇರ ವಿರುದ್ಧ. ಎಫ್‌ಸಿಗೆ ಹೋದಾಗ ನಂಬರ್ ತಾಳೆ ನೋಡುತ್ತಾರೆ. ಇಷ್ಟು ದಿನ ಯಾರೂ ಕೇಳಲಿಲ್ಲ ಎನ್ನುವುದು ವಾದವಲ್ಲ. ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ಹಿಡಿಯುವುದೇ ಇದನ್ನು. ಅದೇ ಮಾದರಿಯ ಬದಲಿ ಇಂಜಿನ್ ಸಿಕ್ಕರೆ ಖರೀದಿ ಬಿಲ್ಲಿನೊಂದಿಗೆ ಆರ್‌ಟಿಒಗೆ ಅರ್ಜಿ ಹಾಕಿ, ಆರ್‌ಸಿಯಲ್ಲಿ ಬರೆಸಿ. ಹಳೇ ಟಾಟಾ ಸಿಯೆರಾ, ಎಸ್ಟೇಟ್ ಎರಡರಲ್ಲೂ ಇದೇ 483 ಡಿಎಲ್ ಇತ್ತು. ಶಿವಾಜಿನಗರದ ಗುಜರಿಯಲ್ಲಿ ಆ ಹೆಸರಿನಲ್ಲಿ ಕೇಳಿದರೆ ಬೇಗ ಸಿಗುತ್ತದೆ.

ಮಹೀಂದ್ರ ಮನೆತನ: ಕಾನೂನು ಪಾಠ ಬೇಡ. ತೋಟದೊಳಗೆ ಓಡುವ ಗಾಡಿಗೆ ಯಾವ ಎಫ್‌ಸಿ?

ಸಕಲೇಶಪುರ ಡೀಸೆಲ್: ಅವರು ಬರೆದಿರುವುದು ರಸ್ತೆಗೆ ಎಂದು. ಓದಿ ಉತ್ತರಿಸಿ.

ಚಾಸಿ ಮೊದಲು: ಇಬ್ಬರೂ ಇಂಜಿನ್ ಹಿಡಿದುಕೊಂಡು ಕೂತಿದ್ದೀರಿ. ಗೊಬ್ಬರ ಹೊತ್ತ ಗಾಡಿ ಅದು! ಯೂರಿಯಾ, ಪೊಟ್ಯಾಷ್ ಉದುರಿ ಬಾಡಿಯ ತಳದಿಂದ ಚಾಸಿಯ ಮೇಲೆ ಬಿದ್ದು, ಮಲೆನಾಡಿನ ತೇವಕ್ಕೆ ಸೇರಿ ಉಪ್ಪುನೀರಾಗಿ ಕಬ್ಬಿಣ ತಿಂದಿರುತ್ತದೆ. ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಮೇಲೆ, ಕ್ರಾಸ್ ಮೆಂಬರ್ ಕೂಡುವ ಮೂಲೆಯಲ್ಲಿ, ಹಿಂದಿನ ಬಾಡಿಯ ಮರದ ತುಂಡು ಚಾಸಿಗೆ ತಾಗುವ ಜಾಗದಲ್ಲಿ ಬಾಲ್ ಪೀನ್ ಸುತ್ತಿಗೆಯಿಂದ ಕುಟ್ಟಿ ನೋಡಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಪದರ ಪದರವಾಗಿ ಎದ್ದ ತುಕ್ಕು ಉದುರಿದ ಮೇಲೆ ಉಳಿದ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಮೂಲ ದಪ್ಪದ ಕಾಲು ಭಾಗ ಹೋಗಿದ್ದರೆ ಅಲ್ಲಿ ಪ್ಲೇಟ್ ಬೇಕು.

ಪ್ಲೇಟನ್ನು ಚೌಕವಾಗಿ ಕತ್ತರಿಸಿ ನೆಟ್ಟಗೆ ಬೆಸುಗೆ ಹಾಕಿಸಬೇಡಿ. ಅಡ್ಡ ಬೆಸುಗೆ ಬಿದ್ದ ಗೆರೆಯ ಪಕ್ಕದಲ್ಲೇ ಚಾಸಿ ಸೀಳುತ್ತದೆ, ಹೊರೆ ಹಾಕಿದಾಗ ಬಗ್ಗುವುದೆಲ್ಲ ಅಲ್ಲಿಗೇ ಬರುತ್ತದೆ. ಎರಡೂ ತುದಿ ಓರೆಯಾಗಿ, ವಜ್ರದ ಆಕಾರಕ್ಕೆ ಕತ್ತರಿಸಿ. ಒಣಗಿಸಿದ 7018 ವೆಲ್ಡಿಂಗ್ ರಾಡ್, 3.15 ಮಿ.ಮೀ. ಮೇಲಿನ ಮತ್ತು ಕೆಳಗಿನ ಫ್ಲ್ಯಾಂಜಿನ ಅಂಚಿಗೆ ಬೆಸುಗೆ ಮುಟ್ಟಿಸಲೇ ಬೇಡಿ. ಬ್ಯಾಟರಿ, ಆಲ್ಟರ್ನೇಟರ್ ವೈರ್ ಕಿತ್ತಿಟ್ಟು, ಅರ್ತ್ ಕ್ಲ್ಯಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಿ. ದೂರ ಕಚ್ಚಿಸಿದರೆ ಕರೆಂಟು ವೀಲ್ ಬೇರಿಂಗ್ ಮೂಲಕ ಹಾದು ಚುಕ್ಕೆ ಬೀಳಿಸುತ್ತದೆ.

ನನ್ನ ಗಾಡಿಯ ಲೆಕ್ಕ: ಹಿಂದಿನ ಬಾಡಿ ಇಳಿಸಿ ಮರಳು ಹೊಡೆಸಿದ್ದು 16,000, ಚಾಸಿ ಬೆಸುಗೆ 22,000, ಹಿಂದಿನ ಬಾಡಿಯ 2 ಮಿ.ಮೀ. ಶೀಟಿನ ಹೊಸ ತಳ 31,000, ಕ್ಯಾಬಿನ್ ನೆಲ ಮತ್ತು ಬಾಗಿಲ ಕೆಳಗಿನ ಸಿಲ್ 27,000, ಪೇಂಟ್ ಕೂಲಿ ಸೇರಿ 68,000, ಸ್ಪ್ರಿಂಗ್ ಪಟ್ಟಿ, ಬುಷ್, ಯು ಬೋಲ್ಟ್ 14,000. ಇಲ್ಲಿಗೇ 1,78,000. ಇಂಜಿನ್, ಬ್ರೇಕ್, ಟೈರ್ ಇದರಲ್ಲಿಲ್ಲ. ಎರಡು ಲಕ್ಷದ ಲೆಕ್ಕ ಈಗಲೇ ಬಿಟ್ಟುಬಿಡಿ.

ರೆಡ್ ಆಕ್ಸೈಡ್ ಶೆಟ್ರು: ಪೇಂಟಿಗೆ 68,000? ಮರಳು ಹೊಡೆದ ಕಬ್ಬಿಣಕ್ಕೆ ಎರಡು ಕೋಟ್ ರೆಡ್ ಆಕ್ಸೈಡ್, ಮೇಲೆ ಸಿಂಥೆಟಿಕ್ ಎನಾಮೆಲ್. 15,000ಕ್ಕೆ ಮುಗಿಯಿತು. ಲಾರಿಯ ಬಾಡಿಗಳಿಗೆಲ್ಲ ಇದನ್ನೇ ತಾನೇ ಹೊಡೆಯುವುದು?

ಚಾಸಿ ಮೊದಲು: ಲಾರಿಯ ಬಾಡಿಗಳಿಗೆ ಮತ್ತೆ ಮತ್ತೆ ಹೊಡೆಯುತ್ತಾರೆ, ಅದಕ್ಕೆ. ಸಾದಾ ರೆಡ್ ಆಕ್ಸೈಡ್ ಪ್ರೈಮರ್ ಒಣಗಿದ ಮೇಲೂ ಸೂಕ್ಷ್ಮ ರಂಧ್ರ ಉಳಿಸಿಕೊಳ್ಳುತ್ತದೆ, ತೇವ ಒಳಗಿಳಿಯುತ್ತದೆ. ಅದರ ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆದರೆ ಥಿನ್ನರಿಗೆ ತಳದ ಪದರ ಸುಕ್ಕುಗಟ್ಟುತ್ತದೆ. ಬರೀ ಕಬ್ಬಿಣಕ್ಕೆ ಎರಡು ಭಾಗದ ಎಪಾಕ್ಸಿ ಪ್ರೈಮರ್, ಅದೂ ಮರಳು ಹೊಡೆದ ದಿನವೇ. ನಮ್ಮ ಕಡೆಯ ಗಾಳಿಗೆ ರಾತ್ರಿ ಬಿಟ್ಟರೆ ಬೆಳಗ್ಗೆ ಕೇಸರಿ ಬಣ್ಣ ಬಂದಿರುತ್ತದೆ. ಪುಟ್ಟಿ ಎಪಾಕ್ಸಿಯ ಮೇಲೆ, ಕಬ್ಬಿಣದ ಮೇಲಲ್ಲ. ಜೂನ್‌ನಿಂದ ಸೆಪ್ಟೆಂಬರ್ ಪೇಂಟ್ ಬೂತ್ ಇಲ್ಲದ ಕಡೆ ಗನ್ ಹಿಡಿಯಲೇಬಾರದು.

ರೆಡ್ ಆಕ್ಸೈಡ್ ಶೆಟ್ರು: ಮೂವತ್ತು ವರ್ಷ ನಮ್ಮ ಗಾಡಿಗಳು ಇದೇ ಬಣ್ಣದಲ್ಲಿ ಓಡಿವೆ. ಎಪಾಕ್ಸಿ ಅನ್ನುವುದು ಬೆಂಗಳೂರಿನವರ ಷೋಕಿ.

ಚಾಸಿ ಮೊದಲು: ಬೀಡಿಂಗ್ ಕಿತ್ತು ಬಾಗಿಲ ಕೆಳಅಂಚಿನ ಒಳಗೆ ಬೆರಳು ಹಾಕಿ ನೋಡಿ ಆಮೇಲೆ ಬರೆಯಿರಿ.

ಹಾಸನ ಪೇಪರ್ಸ್: ಎಫ್‌ಸಿ ಖರ್ಚಿನ ವಿಷಯ ಯಾರೂ ಎತ್ತಲಿಲ್ಲ. 15 ವರ್ಷ ದಾಟಿದ್ದಕ್ಕೆ ಐದು ಸಾವಿರ ಕಟ್ಟಿದರೆ ಆಯಿತು, ಇಲ್ಲವೇ ವಿಂಟೇಜ್ ಮಾಡಿಸಿ.

ಸಕಲೇಶಪುರ ಡೀಸೆಲ್: ಎರಡೂ ತಪ್ಪು. ಐದು ಸಾವಿರ ಖಾಸಗಿ ಕಾರಿನ ಆರ್‌ಸಿ ನವೀಕರಣದ 2022ರ ದರ. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ ಅದೇ ಹತ್ತು ಸಾವಿರ ಆಯಿತು. ಇವರದ್ದು ಗೂಡ್ಸ್. 20 ವರ್ಷ ದಾಟಿದ ಲಘು ವಾಹನದ ಫಿಟ್‌ನೆಸ್‌ಗೆ 2025ರ ನವೆಂಬರ್‌ನಿಂದ 15,000, ಮೇಲೆ ಎಫ್‌ಸಿ ಮುಗಿದ ದಿನದಿಂದ ದಿನಕ್ಕೆ 50 ರೂಪಾಯಿ. ಎಂಟು ವರ್ಷಕ್ಕೆ ಗುಣಿಸಿ ನೋಡಿ: 1,46,000. ಇಂಜಿನ್ನಿಗೆ ಕಾಸು ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಬಾಕಿ ತೆರಿಗೆ, ದಂಡ ಎಲ್ಲ ಸೇರಿ ಎಷ್ಟೆಂದು ಕಾಗದದ ಮೇಲೆ ಬರೆಸಿಕೊಳ್ಳಿ. ವಿಂಟೇಜ್‌ಗೆ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ಆಗಿರಬೇಕು, ಬಾಡಿಗೆ ಅಥವಾ ವ್ಯಾಪಾರದ ಬಳಕೆ ಇರಬಾರದು. 1993ರ ಗಾಡಿಗೆ 2043ರವರೆಗೆ ಆ ಮಾತೇ ಇಲ್ಲ.

ಹಾಸನ ಪೇಪರ್ಸ್: ದಿನಕ್ಕೆ 50ರ ದಂಡವನ್ನು ಕೆಲವು ಕಡೆ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಸುಮ್ಮನೆ ಹೆದರಿಸಬೇಡಿ.

ಸಕಲೇಶಪುರ ಡೀಸೆಲ್: ಕೌಂಟರಿನಲ್ಲಿ ಕೂತವರು ಕಂಪ್ಯೂಟರ್ ತೋರಿಸಿದ್ದನ್ನು ಕೇಳುತ್ತಾರೆ, ನಿಮ್ಮ ಕೋರ್ಟಿನ ಕಥೆ ಕೇಳುವುದಿಲ್ಲ.

ಡ್ರಮ್ ಬ್ರೇಕ್: ಓಡಿಸುವುದಕ್ಕಿಂತ ಮೊದಲು ನಿಲ್ಲಬೇಕಲ್ಲ? ಬ್ರೇಕಿನ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್‌ಗೆ ಬರೀ ರಬ್ಬರ್ ಕಿಟ್ ಹಾಕಿ ತೇಪೆ ಹಚ್ಚಬೇಡಿ. ಒಳಗೋಡೆಯಲ್ಲಿ ತುಕ್ಕಿನ ಗುಳಿ ಉಗುರಿಗೆ ಸಿಕ್ಕಿದರೆ ಹೊಸ ರಬ್ಬರ್ ವಾರದಲ್ಲೇ ಸೋರುತ್ತದೆ, ಪೂರ್ತಿ ಸಿಲಿಂಡರ್ ತನ್ನಿ. ಬ್ರೇಕ್ ಪೈಪಿಗೆ ಫ್ರಿಡ್ಜಿನ ತಾಮ್ರದ ಕೊಳವೆ ಹಾಕುವವರಿದ್ದಾರೆ, ಒಪ್ಪಬೇಡಿ, ಅಲುಗಾಟಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ. ಗಾಳಿ ತೆಗೆಯುವುದು ಮಾಸ್ಟರ್‌ಗೆ ಅತಿ ದೂರದ ಚಕ್ರದಿಂದ. ಸ್ಪ್ರಿಂಗ್ ಪಟ್ಟಿ ಹಿಡಿದಿಡುವ ಯು ಬೋಲ್ಟುಗಳನ್ನು ಹೊರೆ ಹಾಕಿ 500 ಕಿ.ಮೀ. ಓಡಿಸಿದ ಮೇಲೆ ಮತ್ತೆ ಬಿಗಿ ಮಾಡಿ, ಇಲ್ಲದಿದ್ದರೆ ಪಟ್ಟಿಯ ಸೆಂಟರ್ ಬೋಲ್ಟ್ ತುಂಡಾಗುತ್ತದೆ.

ಮಹೀಂದ್ರ ಮನೆತನ: ಇಷ್ಟೆಲ್ಲ ಮಾಡಿಸಿದ ಮೇಲೂ ಒಳಗಿರುವುದು ಬೆಲ್ಟಿನ ಇಂಜಿನ್ನೇ.

ಸಕಲೇಶಪುರ ಡೀಸೆಲ್: ಹೌದು, ಬೆಲ್ಟಿನದ್ದೇ. ನನ್ನ ಗಾಡಿಗೆ ಹೊಸ ಬೆಲ್ಟ್, ಟೆನ್ಷನರ್ ಹಾಕಿದ ತಾರೀಖನ್ನು ಕವರಿನ ಮೇಲೆ ಪೇಂಟಿನಲ್ಲಿ ಬರೆದಿದ್ದೇನೆ. ಕಂಪ್ರೆಷನ್ ನಾಲ್ಕರಲ್ಲೂ 26ರಿಂದ 28 ಬಾರ್. ನಿಮ್ಮ ಎಂಡಿಐದು ಎಷ್ಟು ಬರುತ್ತದೆ, ಗೇಜ್ ಹಾಕಿಸಿ ಬರೆಯಿರಿ.