ಸಹಾಯ ಬೇಕು: ಕ್ಲಚ್ ತುಂಬಾ ಮೇಲೆ ಹಿಡಿಯುತ್ತದೆ, ಏರಿನಲ್ಲಿ ಕಷ್ಟ

ಎಲ್ಲರಿಗೂ ನಮಸ್ಕಾರ. ಅಣ್ಣನ ಹಳೆ ಪೆಟ್ರೋಲ್ ಕಾರು ಈಗ ನನ್ನ ಕೈಗೆ ಬಂದಿದೆ. ನಾನು ಮೊದಲು ಓಡಿಸುತ್ತಿದ್ದ ಕಾರಿನಲ್ಲಿ ಕ್ಲಚ್ ಅರ್ಧ ಬಿಡುವಾಗಲೇ ಹಿಡಿಯುತ್ತಿತ್ತು. ಇದರಲ್ಲಿ ಪೆಡಲ್ ಹೆಚ್ಚುಕಡಿಮೆ ಪೂರ್ತಿ ಮೇಲೆ ಬರಬೇಕು, ಹಿಡಿಯುವುದೂ ಒಮ್ಮೆಲೇ. ಸಮತಟ್ಟು ರಸ್ತೆಯಲ್ಲಿ ತೊಂದರೆ ಇಲ್ಲ. ಮಂಗಳೂರಿನ ಬಾವುಟಗುಡ್ಡೆ ಏರಿನಲ್ಲಿ ಬ್ಲಾಕ್ ಆದರೆ ಮಾತ್ರ ಸಾಕೋ ಸಾಕಾಗುತ್ತದೆ ಮಾರಾಯ್ರೆ. ಹಿಂದಿನ ಗಾಡಿ ಬಂಪರಿಗೆ ತಾಗುವ ಹಾಗೆ ನಿಂತಿರುತ್ತದೆ. ಮಳೆ ಇದ್ದರೆ ಇನ್ನೂ ಭಯ.

ಸದ್ಯಕ್ಕೆ ಹ್ಯಾಂಡ್‌ಬ್ರೇಕ್ ಎಳೆದು ಕ್ಲಚ್ ನಿಧಾನ ಬಿಡುತ್ತೇನೆ. ಕಾರಿನ ಮೂತಿ ಸ್ವಲ್ಪ ಎದ್ದಾಗ ಆಕ್ಸಿಲರೇಟರ್ ಕೊಟ್ಟು ಬ್ರೇಕ್ ಇಳಿಸುತ್ತೇನೆ. ಹಿಂದಕ್ಕೆ ಜಾರುವುದಿಲ್ಲ, ಆದರೆ ಕೆಲವೊಮ್ಮೆ ಸುಟ್ಟ ವಾಸನೆ ಬರುತ್ತದೆ. ಹಾಫ್ ಕ್ಲಚ್‌ನಲ್ಲಿ ಜಾಸ್ತಿ ಹೊತ್ತು ಹಿಡಿದರೆ ಪ್ಲೇಟ್ ಸವೆಯುತ್ತದೆ ಅಲ್ವಾ, ಹಾಗಾಗಿ ಏರಿನಲ್ಲಿ ಹಾಗೆ ನಿಲ್ಲಿಸುವುದಿಲ್ಲ.

ಇದು ಕೇಬಲ್ ಕ್ಲಚ್. ಕೇಬಲ್ ಅಡ್ಜಸ್ಟ್ ಮಾಡಿಸಿದರೆ ಸ್ವಲ್ಪ ಕೆಳಗೆ ಹಿಡಿಯಬಹುದಾ? ಅಥವಾ ಪ್ಲೇಟೇ ಸವೆದು ಹೋಗಿದೆಯಾ? ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ನೋಡಿದೆ. ಎಂಜಿನ್ ಸದ್ದಿನ ಜೊತೆ ವೇಗವೂ ಏರುತ್ತದೆ, ಸ್ಲಿಪ್ ಆದ ಹಾಗೆ ಕಾಣಲಿಲ್ಲ. ಸುಮ್ನೆ ಗೇರ್‌ಬಾಕ್ಸ್ ಇಳಿಸುವ ಮೊದಲು ಓಡಿಸಿ ನೋಡಿ ಹೇಳುವ ಮೆಕ್ಯಾನಿಕ್ ಕದ್ರಿ, ಬಿಜೈ ಕಡೆ ಇದ್ದರೆ ದಯವಿಟ್ಟು ತಿಳಿಸಿ. ಅಮ್ಮನನ್ನು ಆಸ್ಪತ್ರೆಗೆ ಇದರಲ್ಲೇ ಕರೆದುಕೊಂಡು ಹೋಗಬೇಕು.