ಸ್ಪೀಡ್ ಟೆಸ್ಟ್‌ನಲ್ಲಿ 95 ಎಂಬಿಪಿಎಸ್, ಸಂಜೆಯ ಕಾಲ್ ಮಾತ್ರ ಚೂರುಚೂರು: ಈ ಎಂಟಿಆರ್ ರಿಪೋರ್ಟ್ ಓದುವುದು ಹೇಗೆ?

ಹೊಳೆದಂಡೆ

ಜಾಗ ತೀರ್ಥಹಳ್ಳಿ ಪೇಟೆಯಿಂದ 6 ಕಿ.ಮೀ. ಆಚೆ. ಸ್ಥಳೀಯ ಕೇಬಲ್‌ನವರ ಫೈಬರ್, 100 ಎಂಬಿಪಿಎಸ್ ಪ್ಲಾನ್, ಅಪ್‌ಲೋಡ್ ಕೂಡ ಅಷ್ಟೇ. ಸಂಜೆ 7ರಿಂದ 10ರವರೆಗೆ ಆಫೀಸಿನ ವಿಡಿಯೊ ಕಾಲ್ ಕಡಿದು ಕಡಿದು ಬರುತ್ತದೆ. ಅದೇ ಹೊತ್ತಿಗೆ ಸ್ಪೀಡ್ ಟೆಸ್ಟ್ 95 ತೋರಿಸುತ್ತದೆ, ಯೂಟ್ಯೂಬ್ ನಿಲ್ಲದೆ ಓಡುತ್ತದೆ. "ಸ್ಪೀಡ್ ಬರ್ತಾ ಇದೆಯಲ್ಲ, ಇನ್ನೇನು?" ಅನ್ನುವುದು ಅವರ ಉತ್ತರ.

ವೈಫೈ ಬಿಟ್ಟು, ರೂಟರಿಗೆ ಕೇಬಲ್ ಹಾಕಿದ ಲ್ಯಾಪ್‌ಟಾಪಿನಿಂದ ಬೆಂಗಳೂರಿನ ಒಂದು ಬಾಡಿಗೆ ಸರ್ವರಿಗೆ ಎಂಟಿಆರ್ (ದಾರಿಯ ಒಂದೊಂದು ರೂಟರಿಗೂ, ಅಂದರೆ ಹಾಪ್‌ಗೂ, ಕಳೆದುಹೋದ ಪ್ಯಾಕೆಟ್‌ಗಳ ಪಾಲು ಮತ್ತು ಹೋಗಿಬರುವ ಸಮಯ ತೋರಿಸುವ ಟೂಲ್) ಓಡಿಸಿದ್ದು, 300 ಪ್ಯಾಕೆಟ್, ಸೆಕೆಂಡಿಗೊಂದು. ರಾತ್ರಿ 8 ಗಂಟೆಯದ್ದು:

ಹಾಪ್ 1, ಮನೆಯ ರೂಟರ್: ಲಾಸ್ 0, ಸರಾಸರಿ 1 ಮಿ.ಸೆ.
ಹಾಪ್ 2, 100.64ರಿಂದ ಶುರುವಾಗುವ ವಿಳಾಸ: ಲಾಸ್ 0, ಸರಾಸರಿ 3
ಹಾಪ್ 3, 10ರಿಂದ ಶುರುವಾಗುವ ವಿಳಾಸ: ಲಾಸ್ 0, ಸರಾಸರಿ 4
ಹಾಪ್ 4: ಲಾಸ್ 62%, ಸರಾಸರಿ 5
ಹಾಪ್ 5: ಲಾಸ್ 2.7%, ಕನಿಷ್ಠ 12, ಸರಾಸರಿ 74, ಗರಿಷ್ಠ 141
ಹಾಪ್ 6: ಹೆಚ್ಚುಕಮ್ಮಿ ಹಾಗೆಯೇ
ಹಾಪ್ 7, ಸರ್ವರ್: ಲಾಸ್ 3%, ಕನಿಷ್ಠ 13, ಸರಾಸರಿ 76, ಗರಿಷ್ಠ 145

ಬೆಳಿಗ್ಗೆ 6ಕ್ಕೆ ಇದೇ ಸರ್ವರಿಗೆ ಲಾಸ್ 0, ಸರಾಸರಿ 13. ಆದರೆ ಹಾಪ್ 4ರಲ್ಲಿ ಆಗಲೂ 60% ಲಾಸ್.

ಮೂರು ಪ್ರಶ್ನೆ. ಹಾಪ್ 4 ಕೆಟ್ಟಿದೆಯೇ? ರಾತ್ರಿ ಹೊತ್ತು ದಾರಿ ಸಿಂಗಾಪುರದ ಕಡೆ ತಿರುಗುತ್ತಿದೆಯೇ? ಡಿಎನ್ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ಬದಲಿಸಿದರೆ ಸರಿಯಾಗುತ್ತದೆಯೇ?

ಅಡಿಕೆಸೋಗೆ

ಬಫರ್‌ಬ್ಲೋಟ್ (ಮನೆಯ ಲೈನ್ ತುಂಬಿ ಪ್ಯಾಕೆಟ್‌ಗಳು ಉದ್ದ ಸಾಲಿನಲ್ಲಿ ಕಾಯುವುದು) ಅನಿಸುತ್ತದೆ. ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಸಾಫ್ಟ್‌ವೇರ್ ಹಾಕಿ, ಅದರಲ್ಲಿ ಕ್ಯೂ ನಿರ್ವಹಿಸುವ ಎಸ್‌ಕ್ಯೂಎಂನಲ್ಲಿ ಕೇಕ್ ವಿಧಾನ ಆರಿಸಿ, ಎರಡೂ ಕಡೆ 90 ಎಂಬಿಪಿಎಸ್‌ಗೆ ಮಿತಿ ಇಡಿ. ಕ್ಯೂ ನಿಮ್ಮ ಹಿಡಿತಕ್ಕೆ ಬರುತ್ತದೆ.

ಹಾಪ್_ಎಣಿಕೆ

ಎಸ್‌ಕ್ಯೂಎಂ ಒಳ್ಳೆಯ ಔಷಧವೇ, ರೋಗ ಮಾತ್ರ ಬೇರೆ. ಮನೆಯ ಲೈನ್ ತುಂಬಿ ತುಳುಕುತ್ತಿದ್ದರೆ ಹಾಪ್ 2ರಲ್ಲೇ ಸಮಯ ಏರಬೇಕಿತ್ತು. ಅದು ರಾತ್ರಿಯೂ 3 ಮಿ.ಸೆ.ನಲ್ಲೇ ಕೂತಿದೆ. ಅಡಚಣೆ ನಿಮ್ಮ ಗೇಟಿನಾಚೆ ಇದೆ. ನಿಮ್ಮ ರೂಟರಿನಲ್ಲಿ ಏನು ಮಾಡಿದರೂ ಅಲ್ಲಿನ ಸಾಲು ಕರಗದು.

ಹಾಪ್ 4 ಕೆಟ್ಟಿಲ್ಲ. ರೂಟರಿಗೆ ಎರಡು ಕೆಲಸ: ಪ್ಯಾಕೆಟ್ ದಾಟಿಸುವುದು ಒಂದು, ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ಹಾಪ್ ದಾಟಬಹುದೆಂಬ ಎಣಿಕೆ) ಸೊನ್ನೆಯಾದಾಗ "ಇಲ್ಲಿಗೆ ಮುಗಿಯಿತು" ಎಂದು ಐಸಿಎಂಪಿ ಉತ್ತರ ಬರೆಯುವುದು ಇನ್ನೊಂದು. ದಾಟಿಸುವುದು ಹಾರ್ಡ್‌ವೇರ್‌ನಲ್ಲಿ ನಡೆಯುತ್ತದೆ. ಉತ್ತರ ಬರೆಯುವುದು ಸಿಪಿಯು ಪಾಲಿನದು, ಅದಕ್ಕೆ ಸೆಕೆಂಡಿಗೆ ಇಷ್ಟೇ ಎಂಬ ಮಿತಿ ಹಾಕಿರುತ್ತಾರೆ. 62% ಅಂದರೆ ಅಷ್ಟು ಉತ್ತರ ಬರೆಯಲಿಲ್ಲ ಎಂದಷ್ಟೇ ಅರ್ಥ. ಅಲ್ಲಿ ನಿಜವಾಗಿ 62% ಬಿದ್ದುಹೋಗಿದ್ದರೆ ಹಾಪ್ 5ಕ್ಕೆ 97% ತಲುಪುವುದು ಹೇಗೆ? ಬೆಳಿಗ್ಗೆ ಎಲ್ಲ ಚೆನ್ನಾಗಿದ್ದಾಗಲೂ 60% ಇರುವುದೇ ಸಾಕ್ಷಿ. ಕೊನೆಯ ಸಾಲಿನವರೆಗೂ ಹಿಂಬಾಲಿಸಿಕೊಂಡು ಬರುವ ಲಾಸ್ ಮಾತ್ರ ಲೆಕ್ಕಕ್ಕೆ. ನಿಮ್ಮದರಲ್ಲಿ ಅದು 5ರಿಂದ ಶುರುವಾಗಿ 7ರವರೆಗೆ ಇದೆ.

300 ಪ್ಯಾಕೆಟ್ ಕಳಿಸಿದ್ದು ಸರಿ. 3% ಅಂದರೆ 9 ಪ್ಯಾಕೆಟ್, ಅಂದರೆ ನಿಜವಾದ ಲಾಸ್ ಶೇಕಡ ಒಂದರಿಂದ ಐದರ ನಡುವೆ ಎಲ್ಲೋ ಇದೆ. ಹತ್ತೇ ಪ್ಯಾಕೆಟ್ ಕಳಿಸಿ "10% ಲಾಸ್" ಎಂದು ಸ್ಕ್ರೀನ್‌ಶಾಟ್ ಹಾಕುವವರ ರಿಪೋರ್ಟ್ ಯಾವುದಕ್ಕೂ ಬಾರದು.

ಇನ್ನು ಸಿಂಗಾಪುರ. ಸರಾಸರಿ ಬಿಡಿ, ಕನಿಷ್ಠ ನೋಡಿ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಹಾಗಾಗಿ 100 ಕಿ.ಮೀ. ಹೋಗಿ ಬರಲು 1 ಮಿ.ಸೆ. ಬೇಕೇ ಬೇಕು. ತೀರ್ಥಹಳ್ಳಿಯಿಂದ ಬೆಂಗಳೂರು ರಸ್ತೆಯಲ್ಲಿ 350 ಕಿ.ಮೀ. ಆಸುಪಾಸು, ಅಂದರೆ 3.5 ಮಿ.ಸೆ. ಕೇಬಲ್ ಸುತ್ತು ಹಾಕಿ ಬರುವುದು, ನಡುವಿನ ಉಪಕರಣ ಎಲ್ಲ ಸೇರಿ 12 ಆಗುವುದು ಸಹಜ. ಚೆನ್ನೈಯಿಂದ ಸಿಂಗಾಪುರಕ್ಕೆ ಸಮುದ್ರದಡಿಯ ಕೇಬಲ್ಲೇ 3,000 ಕಿ.ಮೀ. ಮೇಲೆ. ಆ ಕಡೆ ಹೋದ ಪ್ಯಾಕೆಟ್ 30 ಮಿ.ಸೆ. ಒಳಗೆ ಹಿಂದಿರುಗಲು ಸಾಧ್ಯವೇ ಇಲ್ಲ. ದಾರಿ ಬದಲಾಗಿದ್ದರೆ ನಿಮ್ಮ ಕನಿಷ್ಠವೂ 40 ದಾಟಬೇಕಿತ್ತು. ಅದು 12ರಲ್ಲೇ ಇದೆ, ಸರಾಸರಿ ಮಾತ್ರ 74ಕ್ಕೆ ಏರಿದೆ. ದಾರಿ ಅದೇ, ಸಾಲು ಉದ್ದವಾಗಿದೆ. ಆಗುಂಬೆ ಘಾಟಿಯಲ್ಲಿ ನಿಧಾನದ ಗಾಡಿಯ ಹಿಂದೆ ಸಿಕ್ಕಿಕೊಂಡ ಮಿನಿ ಬಸ್ಸಿನ ಹಾಗೆ: ತಿರುವು ಅಷ್ಟೇ ಇವೆ, ಹೊತ್ತು ಮಾತ್ರ ಜಾಸ್ತಿ.

ಡಿಎನ್ಎಸ್ ಬದಲಿಸುವುದು ಕಾಲ್‌ಗೆ ಏನೂ ಮಾಡದು. ಹೆಸರು ಹುಡುಕುವುದು ಶುರುವಿನಲ್ಲಿ ಒಮ್ಮೆ, ಆಮೇಲೆ ಮಾತೆಲ್ಲ ಐಪಿಯಿಂದ ಐಪಿಗೆ.

ಕೊಡಚಾದ್ರಿ_ಬಿಜಿಪಿ

ಮೇಲಿನದ್ದಕ್ಕೆ ಒಂದು ತಿದ್ದುಪಡಿ ಬೇಕು. ಹಾಪ್ 5ರಲ್ಲಿ ಸಮಯ ಏರಿದೆ ಎಂದರೆ 4ರಿಂದ 5ಕ್ಕೆ ಹೋಗುವಾಗಲೇ ಸಿಕ್ಕಿಕೊಂಡಿದೆ ಎಂದಲ್ಲ. ಎಂಟಿಆರ್‌ನಂಥ ಟ್ರೇಸ್‌ರೂಟ್ ತೋರಿಸುವುದು ಹೋಗುವ ದಾರಿಯ ಹೆಸರುಗಳನ್ನು, ಅಳೆಯುವುದು ಹೋಗಿ ಬಂದ ಒಟ್ಟು ಹೊತ್ತನ್ನು. 5ರ ಉತ್ತರ ಹಿಂದಿರುಗುವಾಗ ಸಿಕ್ಕಿಕೊಂಡರೂ ಅಂಕಿ ಹೀಗೆಯೇ ಕಾಣುತ್ತದೆ. ಸಂಜೆ ಮನೆಮನೆಯಲ್ಲೂ ನೋಡುವುದು, ಅಂದರೆ ಕೆಳಗೆ ಇಳಿಯುವ ಟ್ರಾಫಿಕ್ಕೇ ಹೆಚ್ಚು. ಒಂದು ಎಚ್‌ಡಿ ವಿಡಿಯೊಗೆ 5 ಎಂಬಿಪಿಎಸ್ ಹಿಡಿದರೆ, ಕೇಬಲ್‌ನವರ 1 ಜಿಬಿಪಿಎಸ್ ಅಪ್‌ಲಿಂಕ್ (ಹೊರಗಿನ ಇಂಟರ್ನೆಟ್‌ಗೆ ಜೋಡಿಸುವ ಲೈನ್) ತುಂಬಲು ಏಕಕಾಲಕ್ಕೆ 200 ಮನೆ ಸಾಕು. ಹಾಗಾಗಿ ಸಾಲು ಇರುವುದು ಹೆಚ್ಚಾಗಿ ಬರುವ ದಿಕ್ಕಿನಲ್ಲಿ.

ಪುಕ್ಕಟೆ ಪರೀಕ್ಷೆಯೊಂದಿದೆ. ಕಾಲ್‌ನಲ್ಲಿ ನಿಮ್ಮ ಮಾತು ಅವರಿಗೆ ಸರಿಯಾಗಿ ಕೇಳಿ, ಅವರ ಮಾತು ನಿಮಗೆ ಕಡಿದು ಬಂದರೆ ತೊಂದರೆ ಬರುವ ದಿಕ್ಕಿನಲ್ಲಿದೆ. ಸರಿಯಾದ ಪರೀಕ್ಷೆಗೆ ಐಪರ್ಫ್3 (ಎರಡು ಯಂತ್ರಗಳ ನಡುವೆ ವೇಗ, ಲಾಸ್ ಅಳೆಯುವ ಟೂಲ್) ಬೇಕು. ಬಾಡಿಗೆ ಸರ್ವರಿನಲ್ಲಿ ಸರ್ವರ್ ಮೋಡ್, ಮನೆಯಿಂದ ಯುಡಿಪಿಯಲ್ಲಿ (ಟಿಸಿಪಿಯಂತೆ ಕಳೆದ ಪ್ಯಾಕೆಟ್ ಮತ್ತೆ ಕಳಿಸದ ವಿಧಾನ) 2 ಎಂಬಿಪಿಎಸ್, 60 ಸೆಕೆಂಡ್. ಮೊದಲು ನೇರ, ಆಮೇಲೆ ರಿವರ್ಸ್ ಆಯ್ಕೆ (ಸರ್ವರಿನಿಂದ ಮನೆಗೆ). ಯುಡಿಪಿಯಲ್ಲಿ ವೇಗ ನೀವು ಹೇಳದಿದ್ದರೆ ಅದು 1 ಎಂಬಿಪಿಎಸ್ ಮಾತ್ರ ಕಳಿಸುತ್ತದೆ, ಅದನ್ನು ನೋಡಿ "ಲೈನ್ 1 ಎಂಬಿಪಿಎಸ್" ಎಂದು ಗಾಬರಿಯಾಗುವವರೂ ಇದ್ದಾರೆ. ಸರ್ವರಿನ ಫೈರ್‌ವಾಲಿನಲ್ಲಿ 5201 ಪೋರ್ಟ್ ಟಿಸಿಪಿ, ಯುಡಿಪಿ ಎರಡಕ್ಕೂ ತೆರೆದಿರಲಿ. ಟಿಸಿಪಿ ಮರೆತರೆ ಪರೀಕ್ಷೆ ಶುರುವೇ ಆಗದು.

ಸರ್ವರಿನಿಂದ ನಿಮ್ಮ ಕಡೆಗೂ ಎಂಟಿಆರ್ ಓಡಿಸಿ. ನಿಮ್ಮ ಹಾಪ್ 2ರ ವಿಳಾಸ ಸೇರುವ 100.64.0.0/10 ಅಂದರೆ ಸಿಜಿನ್ಯಾಟ್ (ಹಲವು ಮನೆಗಳು ಒಂದೇ ಹೊರಗಿನ ಐಪಿ ಹಂಚಿಕೊಳ್ಳುವುದು), ಹಾಗಾಗಿ ಅದು ನಿಮ್ಮ ಮನೆಯವರೆಗೆ ಬಾರದೆ ಕೇಬಲ್‌ನವರ ನ್ಯಾಟ್ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ. ಅಡ್ಡಿಯಿಲ್ಲ, ಬೇಕಾದ ಲಿಂಕ್ ಬಹುಶಃ ಅದಕ್ಕಿಂತ ಮೊದಲೇ ಸಿಗುತ್ತದೆ. ಹೋಗುವ ದಾರಿ, ಬರುವ ದಾರಿ ಒಂದೇ ಇರಬೇಕೆಂದೇನೂ ಇಲ್ಲ, ಎರಡೂ ಕಡೆ ಎಎಸ್ ನಂಬರ್ (ಆ ಹಾಪ್ ಯಾರ ನೆಟ್‌ವರ್ಕಿನದೆಂದು ತಿಳಿಸುವ ಸಂಖ್ಯೆ) ತೋರಿಸುವ ಆಯ್ಕೆ ಹಾಕಿ.

ಸ್ಪೀಡ್ ಟೆಸ್ಟ್ 95 ಯಾಕೆ ತೋರಿಸುತ್ತದೆ ಎಂಬುದಕ್ಕೆ ಲೆಕ್ಕವೇ ಇದೆ. ಲಾಸ್ ಇರುವ ಲೈನಿನಲ್ಲಿ ಒಂದು ಟಿಸಿಪಿ ಸಂಪರ್ಕದ ವೇಗ ಸುಮಾರು: ಸೆಗ್ಮೆಂಟ್ ಗಾತ್ರವನ್ನು (ಒಂದು ಪ್ಯಾಕೆಟ್ಟಿನಲ್ಲಿ ಹೋಗುವ ಡೇಟಾ) ಆರ್‌ಟಿಟಿಯಿಂದ (ಹೋಗಿಬರುವ ಸಮಯ) ಭಾಗಿಸಿ, 1.22ರಿಂದ ಗುಣಿಸಿ, ಲಾಸ್‌ನ ವರ್ಗಮೂಲದಿಂದ ಭಾಗಿಸಿದಷ್ಟು. 1997ರಲ್ಲಿ ಮ್ಯಾಥಿಸ್ ಮತ್ತು ಸಂಗಡಿಗರು ಕೊಟ್ಟ ಸೂತ್ರ. ನಿಮ್ಮ ಅಂಕಿ ಹಾಕಿ: 1,460 ಬೈಟ್, 76 ಮಿ.ಸೆ., 0.03. ಬರುವುದು 1.1 ಎಂಬಿಪಿಎಸ್! ಟಿಸಿಪಿ ವೇಗ ನಿಯಂತ್ರಿಸುವ ಹಳೆಯ ವಿಧಾನ ರೀನೋ ಆಧಾರದ ಅಂದಾಜು ಇದು. ಕ್ಯೂಬಿಕ್ ಸ್ವಲ್ಪ ಹೆಚ್ಚು ಕೊಡಬಹುದು, ಲಾಸ್‌ಗೆ ಅಷ್ಟಾಗಿ ಬೆದರದ ಬಿಬಿಆರ್‌ಗೆ ಇದು ಹೊಂದದು. ಹಾಗಿದ್ದರೂ 95 ಬರುತ್ತಿದೆ ಎಂದರೆ ನಿಮ್ಮ ಸ್ಪೀಡ್ ಟೆಸ್ಟ್ ಈ ಲಿಂಕನ್ನು ದಾಟುತ್ತಲೇ ಇಲ್ಲ ಎಂದು ಹೇಳಬಹುದು. ತಾನಾಗಿ ಆರಿಸಿಕೊಳ್ಳುವ ಸರ್ವರ್ ಸಾಮಾನ್ಯವಾಗಿ ಕೇಬಲ್‌ನವರದ್ದೇ ಅಥವಾ ಅವರ ಪಕ್ಕದ್ದು. ಯೂಟ್ಯೂಬ್ ಕೂಡ ಕ್ಯಾಶ್‌ನಿಂದಲೋ (ಹತ್ತಿರದಲ್ಲೇ ಇಟ್ಟ ಪ್ರತಿ) ಬೇರೆ ಪಿಯರಿಂಗ್ ದಾರಿಯಿಂದಲೋ (ನೆಟ್‌ವರ್ಕ್‌ಗಳ ನಡುವಿನ ನೇರ ಜೋಡಣೆ) ಬರುತ್ತಿರಬಹುದು. ಪಟ್ಟಿಯಲ್ಲಿ ಬೆಂಗಳೂರಿನ ಬೇರೆ ಕಂಪನಿಯ ಸರ್ವರ್ ಕೈಯಾರೆ ಆರಿಸಿ, ಮಲ್ಟಿ ತೆಗೆದು ಸಿಂಗಲ್ ಕನೆಕ್ಷನ್ ಇಟ್ಟು, ರಾತ್ರಿ 8ಕ್ಕೆ ಮತ್ತೆ ನೋಡಿ.

ಕೊನೆಯದಾಗಿ, ಚೆನ್ನೈ ಅಥವಾ ಮುಂಬೈಯ ಯಾವುದಾದರೂ ಸರ್ವರಿಗೆ ಅದೇ ಹೊತ್ತಿನಲ್ಲಿ ಎಂಟಿಆರ್. ಗೂಗಲ್‌ನ 8.8.8.8 ಬೇಡ, ಅದು ಎನಿಕಾಸ್ಟ್ (ಒಂದೇ ವಿಳಾಸ, ಹಲವು ಊರಿನಲ್ಲಿ ಸರ್ವರ್), ಯಾವ ಊರಿನಿಂದ ಉತ್ತರ ಬಂತೆಂದೇ ತಿಳಿಯದು. ಹಾಪ್ 5 ಬೇರೆಯಾಗಿದ್ದು ಲಾಸ್ ಇಲ್ಲದಿದ್ದರೆ ಕೇಬಲ್‌ನವರಿಗೆ ಎರಡನೇ ಅಪ್‌ಸ್ಟ್ರೀಮ್ (ಅವರಿಗೆ ಇಂಟರ್ನೆಟ್ ಕೊಡುವ ಕಂಪನಿ) ಇದೆ ಎಂದಾಯಿತು. ನೆಟ್‌ವರ್ಕ್‌ಗಳ ನಡುವೆ ದಾರಿ ಆರಿಸುವ ಬಿಜಿಪಿಗೆ ದಟ್ಟಣೆ ಕಾಣುವುದಿಲ್ಲ. ಲೋಕಲ್ ಪ್ರಿಫರೆನ್ಸ್ (ಆಪರೇಟರ್ ತಾನೇ ಇಟ್ಟ ಆದ್ಯತೆ), ಎಎಸ್ ಪಾತ್ ಉದ್ದ (ದಾರಿಯಲ್ಲಿ ಬರುವ ನೆಟ್‌ವರ್ಕ್‌ಗಳ ಎಣಿಕೆ) ಇಂಥವನ್ನು ನೋಡಿ ಒಂದು ದಾರಿ ಹಿಡಿದರೆ ಅದು ತುಂಬಿ ಚೆಲ್ಲಿದರೂ ಬಿಡದು. ಬದಲಿಸಬೇಕಾದ್ದು ಮನುಷ್ಯರೇ.

ಅಡಿಕೆಸೋಗೆ

ಸರಿ, ಎಸ್‌ಕ್ಯೂಎಂ ಮಾತು ಹಿಂದಕ್ಕೆ. ಮಳೆಗಾಲಕ್ಕೆ ಮೊದಲು ಇನ್ನೊಂದು ನೋಡಿಕೊಳ್ಳಿ: ಓಎನ್‌ಟಿ (ಮನೆಯೊಳಗಿನ ಫೈಬರ್ ಪೆಟ್ಟಿಗೆ) ಪುಟದಲ್ಲಿ ಆರ್‌ಎಕ್ಸ್ ಪವರ್ (ಬಂದು ತಲುಪುವ ಬೆಳಕಿನ ಬಲ) ಈಗಲೇ ಬರೆದಿಡಿ. ಬಿ ಪ್ಲಸ್ ದರ್ಜೆಯ ಜಿಪಾನ್ ಫೈಬರ್ ವ್ಯವಸ್ಥೆಯಲ್ಲಿ ಓಎನ್‌ಟಿಯ ಮಿತಿ ಮೈನಸ್ 27 ಡಿಬಿಎಂ. ಒಣ ದಿನ ಮೈನಸ್ 19 ಇದ್ದು ಮಳೆಯಲ್ಲಿ ಮೈನಸ್ 26ಕ್ಕೆ ಇಳಿದರೆ ಜಾಯಿಂಟ್ ಬಾಕ್ಸಿಗೆ ನೀರು ಹೋಗಿದೆ, ಇಲ್ಲವೇ ಬಿದ್ದ ಕೊಂಬೆಯ ಭಾರಕ್ಕೆ ಫೈಬರ್ ಬಾಗಿದೆ. ಅಂಥ ಲಾಸ್ ಹಾಪ್ 2ರಿಂದಲೇ ಕಾಣುತ್ತದೆ, ಗಡಿಯಾರ ನೋಡಿ ಬರುವುದಿಲ್ಲ.

ಹೊಳೆದಂಡೆ

ರಾತ್ರಿ 8.15ರ ಫಲಿತಾಂಶ. ಐಪರ್ಫ್ ಯುಡಿಪಿ ಮೇಲಕ್ಕೆ ಲಾಸ್ 0, ಕೆಳಕ್ಕೆ 3.1%. ಬೆಂಗಳೂರಿನ ಬೇರೆ ಸರ್ವರಿಗೆ ಸಿಂಗಲ್ ಕನೆಕ್ಷನ್ ಸ್ಪೀಡ್ ಟೆಸ್ಟ್ 1.6 ಎಂಬಿಪಿಎಸ್. ಚೆನ್ನೈಗೆ ಹಾಪ್ 5 ಬೇರೆ ಎಎಸ್, ಲಾಸ್ 0, ಕನಿಷ್ಠ 18, ಸರಾಸರಿ 19. ಆರ್‌ಎಕ್ಸ್ ಮೈನಸ್ 20.4.

ಕೊಡಚಾದ್ರಿ_ಬಿಜಿಪಿ

ಎರಡನೇ ಅಪ್‌ಸ್ಟ್ರೀಮ್ ಇದೆ, ಖಾಲಿಯೂ ಇದೆ. ಆದರೆ ತುಂಬಿರುವುದು ಬರುವ ದಿಕ್ಕು, ಅಲ್ಲಿ ಲೋಕಲ್ ಪ್ರಿಫರೆನ್ಸ್ ತಿರುಗಿಸಿ ಪ್ರಯೋಜನವಿಲ್ಲ. ಅದು ಹೊರಹೋಗುವ ದಾರಿ ಮಾತ್ರ ಆರಿಸುತ್ತದೆ. ತಮ್ಮ ವಿಳಾಸಗಳ ಒಂದು ಭಾಗವನ್ನು ಅವರು ಎರಡನೇ ಕಡೆಯಿಂದ ಘೋಷಿಸಬೇಕು, ಅಥವಾ ಮೊದಲ ಕಡೆ ಎಎಸ್ ಪಾತ್‌ಗೆ ಪ್ರಿಪೆಂಡ್ ಹಾಕಬೇಕು (ತಮ್ಮ ನಂಬರನ್ನೇ ಮತ್ತೆ ಸೇರಿಸಿ ಆ ದಾರಿ ಉದ್ದವಾಗಿ ಕಾಣಿಸಬೇಕು). ಸ್ವಂತ ಎಎಸ್ ಇಲ್ಲದ ಆಪರೇಟರಾದರೆ ಸಿಜಿನ್ಯಾಟ್‌ನಲ್ಲಿ ಒಂದಷ್ಟು ಮನೆಗಳನ್ನು ಎರಡನೆಯವರು ಕೊಟ್ಟ ಐಪಿಗೆ ಹಾಕಿದರೂ ಸಾಕು, ಹತ್ತು ನಿಮಿಷದ ಕೆಲಸ.

ದೂರು ಬರೆಯುವಾಗ ಇಷ್ಟೇ ಇರಲಿ: "ಪ್ರತಿದಿನ 7ರಿಂದ 10, ಹಾಪ್ 5ರಿಂದಾಚೆ, ಬರುವ ದಿಕ್ಕಿನಲ್ಲಿ 3% ಲಾಸ್. ಕನಿಷ್ಠ 12, ಸರಾಸರಿ 74. ಚೆನ್ನೈ ದಾರಿಯಲ್ಲಿ ಲಾಸ್ ಇಲ್ಲ. ಆ ಅಪ್‌ಲಿಂಕ್ ಪೋರ್ಟಿನ ಗ್ರಾಫ್ ಸಂಜೆ ಚಪ್ಪಟೆಯಾಗಿದೆಯೇ ನೋಡಿ." ಜೊತೆಗೆ ಬೆಳಗಿನ, ರಾತ್ರಿಯ ಎರಡೂ ರಿಪೋರ್ಟ್, ದಿನಾಂಕ ಸಮೇತ.

ಅದರಲ್ಲಿ 'ಸ್ಪೀಡ್' ಎಂಬ ಪದ ಎಲ್ಲಿಯೂ ಬೇಡ. ಬಂದರೆ ಹುಡುಗನೊಬ್ಬ ಮನೆಗೆ ಬಂದು ಮೊಬೈಲಿನಲ್ಲಿ 95 ತೋರಿಸಿ ಟಿಕೆಟ್ ಮುಚ್ಚಿಕೊಂಡು ಹೋಗುತ್ತಾನೆ.