ಬಾಡಿಗೆ ಸರ್ವರ್‌ನಲ್ಲಿ ಅಳತೆ ದಿನಕ್ಕೊಂದು ಬರ್ತಿದೆ: ಸಂಶೋಧನೆಗೆ ಟೆಸ್ಟ್‌ಬೆಡ್ ಬಳಸಿದವರು ಅನುಭವ ಹೇಳ್ತೀರಾ?

ಕೇಳಿದವರು, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ, ಮೂರನೇ ವರ್ಷ. ಚಳ್ಳಕೆರೆ ಕಡೆಯ ಶೇಂಗಾ ಹೊಲಗಳಲ್ಲಿ ಎಲೆಯ ಫೋಟೊ ತೆಗೆದು ಟಿಕ್ಕಾ ಎಲೆಚುಕ್ಕೆ ರೋಗ ಗುರುತಿಸೋದು ನನ್ನ ಕೆಲಸ. ಗುರುತಿಸೋ ಮಾಡೆಲ್ ಒಂದು ಹಂತಕ್ಕೆ ಬಂದಿದೆ. ಈಗ ಉಳಿದಿರೋ ಪ್ರಶ್ನೆ: ಹೊಲದಲ್ಲೇ ಒಂದು ಸಣ್ಣ ಕಂಪ್ಯೂಟರ್ ಬೋರ್ಡ್ ಇಟ್ಟು ಅಲ್ಲೇ ಲೆಕ್ಕ ಮುಗಿಸಬೇಕೋ, ಫೋಟೊವನ್ನ ಕ್ಲೌಡ್‌ಗೆ, ಅಂದ್ರೆ ದೂರದ ಬಾಡಿಗೆ ಸರ್ವರ್‌ಗೆ, ಕಳಿಸಿ ಉತ್ತರ ತರಿಸಿಕೊಳ್ಳಬೇಕೋ? ಯಾವುದು ಬೇಗ, ಯಾವುದು ನಂಬಿಕೆಗೆ ಅರ್ಹ?

ಒಂದು ವರ್ಚುವಲ್ ಮೆಷಿನ್ ಬಾಡಿಗೆಗೆ ತಗೊಂಡು ಅಳತೆ ಮಾಡಿದೆ. ಅದೇ ಪ್ರೋಗ್ರಾಂ, ಅದೇ ಐನೂರು ಫೋಟೊ. ಸೋಮವಾರ ಒಂದು ಫೋಟೊಗೆ 180 ಮಿಲಿಸೆಕೆಂಡ್, ಗುರುವಾರ 260. ಪೇಪರ್ ಕಳಿಸಿದ್ದಕ್ಕೆ ವಿಮರ್ಶಕರು "ಈ ಅಂಕಿಗಳನ್ನು ಬೇರೆಯವರು ಮತ್ತೆ ಪಡೆಯುವುದು ಹೇಗೆ?" ಅಂತ ಒಂದೇ ಸಾಲು ಬರೆದು ವಾಪಸ್ ಕಳಿಸಿದ್ದಾರೆ. ಲ್ಯಾಬಿನಲ್ಲಿ ಎಂಟು ಹಳೇ ಕಂಪ್ಯೂಟರ್ ಇವೆ, ಕರೆಂಟ್ ಹೋದರೆ ಯುಪಿಎಸ್ ಇಪ್ಪತ್ತು ನಿಮಿಷ ತಡೆಯುತ್ತೆ. ನನ್ನ ಹತ್ರ ಕ್ರೆಡಿಟ್ ಕಾರ್ಡ್ ಇಲ್ಲ, ಫೆಲೋಶಿಪ್ ಹಣ ತಡವಾಗಿ ಬರುತ್ತೆ. ಸಂಶೋಧನೆಗೇ ಅಂತ ಪ್ರಯೋಗ ಮಾಡೋಕೆ ಯಂತ್ರ ಕೊಡೋ ಟೆಸ್ಟ್‌ಬೆಡ್‌ಗಳು ಇರ್ತವೆ ಅಂತ ಗೈಡ್ ಹೇಳಿದ್ರು, ಆದ್ರೆ ಅವರೂ ಬಳಸಿಲ್ಲ. ಬಳಸಿದವರು ದಯವಿಟ್ಟು ಹೇಳಿ.

ಉಪನ್ಯಾಸಕರು, ವಿದ್ಯಾನಗರ, ದಾವಣಗೆರೆ:

ನೋಡಮ್ಮ, ವಿಮರ್ಶಕರು ಕೇಳಿದ್ದು ನ್ಯಾಯವಾದ ಪ್ರಶ್ನೆ. ನನಗೂ ಒಮ್ಮೆ ಇದೇ ಮಾತು ಬಂದಿತ್ತು. ಆರು ತಿಂಗಳ ಅಳತೆ ಪೂರ್ತಿ ಬದಿಗಿಟ್ಟು ಮೊದಲಿಂದ ಮಾಡಿದೆ. ಆಗ ಸಂಕಟ ಆಗಿತ್ತು, ಆದರೆ ನಾನು ನಿಜವಾಗಿ ಕಲಿತದ್ದು ಆ ಎರಡನೇ ಸಲದಲ್ಲೇ.

ನೀವು ತಗೊಂಡಿರೋ ವರ್ಚುವಲ್ ಮೆಷಿನ್ ವಠಾರದ ಮನೆ ಇದ್ದ ಹಾಗೆ. ನಲ್ಲಿ ನಿಮ್ಮದೇ, ಆದರೆ ಪಕ್ಕದ ಮನೆಯವರು ಮೋಟಾರ್ ಹಾಕಿದರೆ ನಿಮ್ಮ ನಲ್ಲಿಯ ನೀರು ಸಣ್ಣಗಾಗುತ್ತೆ. ಒಂದು ದೊಡ್ಡ ಸರ್ವರನ್ನ ಹೋಳು ಮಾಡಿ ಹಲವರಿಗೆ ಕೊಟ್ಟಿರ್ತಾರೆ. ಪ್ರೊಸೆಸರ್ ಒಳಗಿನ ವೇಗದ ಸಣ್ಣ ಮೆಮೊರಿ (ಕ್ಯಾಶ್), ಮುಖ್ಯ ಮೆಮೊರಿಗೆ ಹೋಗೋ ದಾರಿ, ಡಿಸ್ಕು, ನೆಟ್‌ವರ್ಕ್ ಎಲ್ಲ ಹಂಚಿಕೆಯಲ್ಲಿ. ಪಕ್ಕದವರು ಯಾರು, ಆ ಹೊತ್ತಿನಲ್ಲಿ ಏನು ಓಡಿಸ್ತಿದ್ದರು ಅಂತ ತಿಳಿಯೋ ದಾರಿಯೇ ನಿಮಗಿಲ್ಲ. ವೆಬ್‌ಸೈಟ್ ನಡೆಸೋರಿಗೆ ಅದು ಸಾಕು. ಕಾಲವನ್ನೇ ಅಳೆಯೋರಿಗೆ ಸಾಲದು.

ಟೆಸ್ಟ್‌ಬೆಡ್‌ನಲ್ಲಿ ಇಡೀ ಯಂತ್ರವನ್ನೇ ಕೊಡ್ತಾರೆ. ಬೇರ್ ಮೆಟಲ್ ಅಂತಾರೆ ಇದಕ್ಕೆ. ಆಪರೇಟಿಂಗ್ ಸಿಸ್ಟಂ ನೀವೇ ಹಾಕಿಕೊಳ್ಳಬಹುದು, ಯಂತ್ರ ಆನ್ ಆಗುವಾಗ ಮೊದಲು ಓಡೋ ಬಯಾಸ್ ಪ್ರೋಗ್ರಾಂ ಮಟ್ಟಕ್ಕೆ ಹತ್ತಿರದ ತನಕ ಹಿಡಿತ ನಿಮ್ಮದು. ನಾನು ಬಳಸಿದ್ದು ಕ್ಲೌಡ್‌ಲ್ಯಾಬ್. ಅಮೆರಿಕದ ಯೂಟಾ, ವಿಸ್ಕಾನ್ಸಿನ್, ಕ್ಲೆಮ್ಸನ್ ವಿಶ್ವವಿದ್ಯಾಲಯಗಳಲ್ಲಿ ಅದರ ಸರ್ವರ್‌ಗಳಿವೆ. ಸಂಶೋಧನೆಗೆ ದುಡ್ಡು ಕೇಳೋದಿಲ್ಲ, ಕಾರ್ಡ್ ಸಂಖ್ಯೆ ಕೇಳೋದಿಲ್ಲ. ಕೇಳೋದು ಒಂದೇ: ಪ್ರಾಜೆಕ್ಟ್ ಅರ್ಜಿ ನಿಮ್ಮ ಗೈಡ್ ಹೆಸರಲ್ಲಿ ಇರಬೇಕು. ವಿದ್ಯಾರ್ಥಿಗಳು ಅದರೊಳಗೆ ಸೇರಿಕೊಳ್ಳಬೇಕು. ಅರ್ಜಿಯನ್ನ ಕಾಲೇಜಿನ ಇಮೇಲ್‌ನಿಂದಲೇ ಹಾಕಿಸಿ, ಗೈಡ್ ಅವರ ಪರಿಚಯ ಇರೋ ಕಾಲೇಜಿನ ಪುಟದ ವಿಳಾಸ ಕೊಡಿ. ಏನು ಅಳೆಯೋಕೆ ಹೊರಟಿದ್ದೀರಿ ಅನ್ನೋದನ್ನ ನಾಲ್ಕು ಸಾಲು ಬಿಡಿಸಿ ಬರೀರಿ. ಇಲ್ಲಿಗೆ ಬರೆದಿದ್ದೀರಲ್ಲ, ಅಷ್ಟೇ ಸ್ಪಷ್ಟವಾಗಿದ್ದರೆ ಸಾಕು.

ಇನ್ನೊಂದು ಕ್ಯಾಮೀಲಿಯನ್. ಷಿಕಾಗೊ ವಿಶ್ವವಿದ್ಯಾಲಯ ಮತ್ತು ಟೆಕ್ಸಾಸ್‌ನ ಕಂಪ್ಯೂಟಿಂಗ್ ಕೇಂದ್ರ ಸೇರಿ ನಡೆಸ್ತವೆ, 2015ರಿಂದ ಬಳಕೆಯಲ್ಲಿದೆ. ಓಪನ್‌ಸ್ಟ್ಯಾಕ್ ಅನ್ನೋ ಮುಕ್ತ ಕ್ಲೌಡ್ ತಂತ್ರಾಂಶದ ಮೇಲೆ ಕಟ್ಟಿದ್ದು. ಯಂತ್ರವನ್ನ ಮುಂಗಡ ಕಾಯ್ದಿರಿಸಬೇಕು, ಒಂದು ಸಲಕ್ಕೆ ಏಳು ದಿನ. ನಿಮಗೆ ಅದರ ಎಡ್ಜ್ ವಿಭಾಗ ಮುಖ್ಯ, ಅಲ್ಲಿ ರಾಸ್‌ಬೆರಿ ಪೈ, ಜೆಟ್ಸನ್ ನ್ಯಾನೊ ತರದ ಸಣ್ಣ ಬೋರ್ಡ್‌ಗಳನ್ನೂ ಬಳಸೋಕೆ ಕೊಡ್ತಾರೆ. ಹೊಲದಲ್ಲಿ ಇಡೋದು ಅಂಥದ್ದೇ ತಾನೇ? ಎರಡಕ್ಕೂ ದುಡ್ಡು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನದು. ಹಾಗಾಗಿ ಹೊರದೇಶದವರ ಅರ್ಹತೆ ಬಗ್ಗೆ ಏನು ಬರೆದಿದ್ದಾರೆ ಅನ್ನೋದನ್ನ ಗೈಡ್ ಜೊತೆ ಕೂತು ಮೊದಲು ಓದಿ.

ಈಗ ಮುಖ್ಯ ಮಾತು. ಆ ಯಂತ್ರ ನಿಮ್ಮದಲ್ಲ. ಕ್ಲೌಡ್‌ಲ್ಯಾಬ್‌ನಲ್ಲಿ ಮೊದಲಿಗೆ 16 ಗಂಟೆ ಕೊಡ್ತಾರೆ. ಕಾರಣ ಬರೆದು ಮುಂದುವರಿಸಿಕೊಳ್ಳಬಹುದು. ಅವಧಿ ಮುಗಿದ ಕೂಡಲೇ ಡಿಸ್ಕ್ ಒರೆಸಿ ಮುಂದಿನವರಿಗೆ ಕೊಟ್ಟುಬಿಡ್ತಾರೆ. ನಾನು ಮೊದಲ ವಾರ ನಾಲ್ಕು ದಿನ ಕೂತು ಪ್ರೋಗ್ರಾಂಗೆ ಬೇಕಾದ ಸಿದ್ಧ ಕೋಡ್ ಕಟ್ಟುಗಳನ್ನ, ಅಂದ್ರೆ ಲೈಬ್ರರಿಗಳನ್ನ, ಒಂದೊಂದಾಗಿ ಕೈಯಾರೆ ಹಾಕಿದ್ದೆ. ಅವಧಿ ಮುಂದುವರಿಸೋದು ಮರೆತು ಹರಿಹರಕ್ಕೆ ಮದುವೆಗೆ ಹೋದೆ. ವಾಪಸ್ ಬಂದಾಗ ಎಲ್ಲ ಖಾಲಿ. ಅವತ್ತಿಂದ ಒಂದು ರೂಢಿ ಮಾಡಿಕೊಂಡೆ: ಖಾಲಿ ಯಂತ್ರದಿಂದ ಶುರುಮಾಡಿ ಫಲಿತಾಂಶದ ಕಡತ ನನ್ನ ಲ್ಯಾಪ್‌ಟಾಪ್‌ಗೆ ಬರೋವರೆಗೆ ಎಲ್ಲ ಕೆಲಸ ಒಂದೇ ಸ್ಕ್ರಿಪ್ಟ್, ಅಂದ್ರೆ ಆಜ್ಞೆಗಳನ್ನ ಸಾಲಾಗಿ ಬರೆದಿಟ್ಟ ಕಡತ, ಮಾಡಬೇಕು. ಕೈಯಲ್ಲಿ ಒಂದು ಆಜ್ಞೆ ಟೈಪ್ ಮಾಡಿದರೂ ಅದು ಸ್ಕ್ರಿಪ್ಟ್‌ಗೆ ಹೋಗಬೇಕು. ಯಾವ ಲೈಬ್ರರಿಯ ಯಾವ ಆವೃತ್ತಿ ಅನ್ನೋದು ಅದರಲ್ಲೇ ಇರಬೇಕು. ವಿಮರ್ಶಕರ ಪ್ರಶ್ನೆಗೆ ಉತ್ತರ ಅದೇ ಸ್ಕ್ರಿಪ್ಟ್. ಅದನ್ನ ಪೇಪರ್ ಜೊತೆ ಕೊಡಿ. ಬೇರೆಯವರು ಅದೇ ಜಾತಿಯ ಯಂತ್ರ ತಗೊಂಡು ಒಂದು ಗುಂಡಿ ಒತ್ತಿದರೆ ನಿಮ್ಮ ಪ್ರಯೋಗ ಅವರ ಮುಂದೆ ನಡೆಯಬೇಕು.

ಇಡೀ ಯಂತ್ರ ಸಿಕ್ಕ ಮಾತ್ರಕ್ಕೆ ಅಳತೆ ಕಲ್ಲಿನ ಹಾಗೆ ನಿಲ್ಲುತ್ತೆ ಅಂತಲೂ ಅಲ್ಲ. ಕ್ಲೌಡ್‌ಲ್ಯಾಬ್ ನಡೆಸೋರೇ 800ಕ್ಕೂ ಹೆಚ್ಚು ಸರ್ವರ್‌ಗಳನ್ನ ಹತ್ತು ತಿಂಗಳು ಅಳೆದು 2018ರಲ್ಲಿ ಪ್ರಕಟಿಸಿದ್ದಾರೆ. ಒಂದೇ ಮಾದರಿಯ ಯಂತ್ರಗಳ ನಡುವೆಯೂ ವ್ಯತ್ಯಾಸ ಕಂಡಿದೆ. ಅದಕ್ಕೇ ಯಾವ ನೋಡ್‌ನಲ್ಲಿ, ಅಂದ್ರೆ ಯಾವ ಯಂತ್ರದಲ್ಲಿ, ಓಡಿಸಿದಿರಿ ಅನ್ನೋದನ್ನ ಪ್ರತಿ ಸಲ ಬರೆದಿಡಿ, ಕನಿಷ್ಠ ಮೂರು ಬೇರೆ ನೋಡ್‌ಗಳಲ್ಲಿ ಮಾಡಿ. ಪ್ರೊಸೆಸರ್ ತಾನಾಗೇ ವೇಗ ಏರಿಸಿಕೊಳ್ಳೋ ಟರ್ಬೊ ಆಫ್ ಮಾಡಿ, ವೇಗ ಒಂದೇ ಕಡೆ ನಿಲ್ಲಿಸಿ. ಬೋರ್ಡ್ ಪಾಳಿ ಎಲ್ಲ ಮುಗಿಸಿ ಆಮೇಲೆ ಕ್ಲೌಡ್ ಪಾಳಿ ಅಂತ ಮಾಡಬೇಡಿ, ಚೀಟಿ ಎತ್ತಿದ ಹಾಗೆ ಕಲಸಿ ಓಡಿಸಿ. ಸರಾಸರಿ ಒಂದನ್ನೇ ಕೊಡಬೇಡಿ. ನೂರರಲ್ಲಿ ತೊಂಬತ್ತೈದು ಫೋಟೊ ಎಷ್ಟರೊಳಗೆ ಮುಗೀತು ಅನ್ನೋದನ್ನೂ ಕೊಡಿ, ಯಾಕಂದ್ರೆ ಹೊಲದಲ್ಲಿ ನಿಂತಿರೋ ರೈತರಿಗೆ ತೊಂದರೆ ಕೊಡೋದು ಉಳಿದ ಆ ಐದು.

ನಮಗೆ ಒಂದು ಅನುಕೂಲ ಇದೆ. ಇಲ್ಲಿ ಬೆಳಿಗ್ಗೆ ಹತ್ತು ಗಂಟೆ ಅಂದ್ರೆ ಯೂಟಾದಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ ಅಥವಾ ಹತ್ತೂವರೆ. ಅಲ್ಲಿನವರು ಮಲಗೋ ಹೊತ್ತಿಗೆ ನಮ್ಮ ಕೆಲಸ ಶುರು. ನನಗೆ ನೋಡ್‌ಗಳು ಸುಲಭವಾಗಿ ಸಿಗ್ತಿದ್ದದ್ದು ಬೆಳಗಿನ ಹೊತ್ತಲ್ಲೇ.

ಗಾಳಿ ವಿದ್ಯುತ್ ಕಂಪನಿ ನೌಕರ, ಚಿತ್ರದುರ್ಗ:

ಮೇಡಂ, ಟೆಸ್ಟ್‌ಬೆಡ್ ಗೊತ್ತಿಲ್ಲ, ದುಡ್ಡಿನ ವಿಷಯ ಗೊತ್ತು. ಗಾಳಿಯಂತ್ರಗಳ ದತ್ತಾಂಶ ನೋಡೋ ಕೆಲಸ ನಂದು. ಸ್ವಂತ ಕಲಿಕೆಗೆ ಅಂತ ಒಂದು ಕಂಪನಿಯ ಕ್ಲೌಡ್‌ನಲ್ಲಿ ಜಿಪಿಯು (ಮಾಡೆಲ್ ತರಬೇತಿಗೆ ಬಳಸೋ ವೇಗದ ಚಿಪ್) ಇರೋ ಮೆಷಿನ್ ತಗೊಂಡೆ, ಶನಿವಾರ ಸಂಜೆ ಬ್ರೌಸರ್ ಮುಚ್ಚಿ ಎದ್ದೆ. ಬ್ರೌಸರ್ ಮುಚ್ಚಿದರೆ ಮೆಷಿನ್ ನಿಲ್ಲೋದಿಲ್ಲ. ತಿಂಗಳ ಕೊನೆಗೆ ಹನ್ನೊಂದು ಸಾವಿರದ ಚಿಲ್ಲರೆ ಬಿಲ್ಲು. ಮಗಳ ಸ್ಕೂಲ್ ಫೀಸಿಗೆ ಇಟ್ಟಿದ್ದ ದುಡ್ಡು ಅದು. ಮನೆಯಲ್ಲಿ ಹೇಳೋಕೆ ಎರಡು ದಿನ ಬೇಕಾಯ್ತು.

ಬಜೆಟ್ ಎಚ್ಚರಿಕೆ ಅಂತ ಇಡ್ತಾರಲ್ಲ, ಅದು ಬರೀ ಮೇಲ್ ಕಳಿಸುತ್ತೆ, ತಾನಾಗಿ ಏನನ್ನೂ ನಿಲ್ಲಿಸೋದಿಲ್ಲ. ಖರ್ಚಿನ ಲೆಕ್ಕ ಪರದೆ ಮೇಲೆ ಬರೋದೇ ಕೆಲವು ಗಂಟೆ ತಡವಾಗಿ. ಮೆಷಿನ್ ನಿಲ್ಲಿಸಿದ ಮೇಲೂ ಅದರ ಡಿಸ್ಕಿಗೆ ಬಾಡಿಗೆ ಓಡ್ತಾನೇ ಇರುತ್ತೆ. ಫೋಟೊ ಒಳಗೆ ಹಾಕೋದು ಸಾಮಾನ್ಯವಾಗಿ ಪುಕ್ಕಟೆ, ಹೊರಗೆ ತರೋಕೆ ದುಡ್ಡು. ಶುರುವಾಗುವಾಗಲೇ "ಮೂರು ಗಂಟೆ ಆದ ಮೇಲೆ ನಿನ್ನಷ್ಟಕ್ಕೆ ನೀನು ಆಫ್ ಆಗು" ಅನ್ನೋ ಆಜ್ಞೆಯನ್ನ ಮೆಷಿನ್ ಒಳಗೇ ಹಾಕಿಬಿಡಿ. ಕಾರ್ಡ್ ಇಲ್ಲ ಅಂತ ಬೇಸರ ಮಾಡ್ಕೋಬೇಡಿ, ಕಾರ್ಡ್ ಕೊಡದೆ ಮುಗಿಯೋ ದಾರಿ ಇದ್ದರೆ ಅದನ್ನೇ ಹಿಡೀರಿ.

ಎಂಟೆಕ್ ವಿದ್ಯಾರ್ಥಿ, ದಾವಣಗೆರೆ:

ಅಕ್ಕಾ, ಮಾಡೆಲ್‌ಗೆ ತರಬೇತಿ ಕೊಡೋ ಕೆಲಸಕ್ಕೆ ಟೆಸ್ಟ್‌ಬೆಡ್ ಯಾಕೆ? ಕ್ಯಾಗಲ್ ಅನ್ನೋ ಜಾಲತಾಣದಲ್ಲಿ ಫೋನ್ ನಂಬರ್ ದೃಢೀಕರಿಸಿದರೆ ವಾರಕ್ಕೆ ಸುಮಾರು 30 ಗಂಟೆ ಜಿಪಿಯು ಪುಕ್ಕಟೆ ಕೊಡ್ತಾರೆ. ಗೂಗಲ್‌ನ ಕೊಲ್ಯಾಬ್ ಕೂಡ ಇದೆ, ಆದ್ರೆ ಎಷ್ಟು ಹೊತ್ತಿಗೆ ಸಂಪರ್ಕ ಕಡಿದುಕೊಳ್ಳುತ್ತೆ ಅಂತ ಹೇಳೋಕಾಗಲ್ಲ, ಹಾಗಾಗಿ ಅರ್ಧ ಗಂಟೆಗೊಮ್ಮೆ ಮಾಡೆಲ್ ಉಳಿಸ್ಕೊಳ್ಳಿ. ನಾನು ಮೆಕ್ಕೆಜೋಳದ ಎಲೆ ಮಾಡೆಲ್ ಪೂರ್ತಿ ಹೀಗೇ ಮುಗಿಸಿದ್ದು. ಆದ್ರೆ ಸಮಯ ಅಳೆಯೋ ಕೆಲಸಕ್ಕೆ ಇವು ಬೇಡ.

ಕೇಳಿದವರು:

ಸರ್, ಅಣ್ಣ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೈಡ್‌ಗೆ ಓದಿ ಹೇಳಿದೆ, ನಾಳೆನೇ ಅರ್ಜಿ ಹಾಕೋಣ ಅಂದ್ರು. ಒಂದು ಅನುಮಾನ. ಖಾತೆ ಸಿಕ್ಕ ಮೇಲೆ ಚಳ್ಳಕೆರೆ ಹೊಲದಿಂದ ನೇರವಾಗಿ ಯೂಟಾದ ಸರ್ವರ್‌ಗೆ ಫೋಟೊ ಕಳಿಸಿ ಸಮಯ ಅಳೆದರೆ ಆಯ್ತಲ್ವಾ?

ನೆಟ್‌ವರ್ಕ್ ಎಂಜಿನಿಯರ್, ಊರು ಚಳ್ಳಕೆರೆ, ಇರೋದು ಬೆಂಗಳೂರು:

ಬೇಡ, ಬೇಡ. ಇದನ್ನ ಓದಿದ ಕೂಡಲೇ ಬರೀಬೇಕು ಅನ್ನಿಸ್ತು.

ನಮ್ಮ ಕಡೆಯಿಂದ ಯೂಟಾಗೆ ನೇರ ಗೆರೆ ಎಳೆದರೂ 13 ಸಾವಿರ ಕಿಲೋಮೀಟರ್ ದಾಟುತ್ತೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಹತ್ತಿರಹತ್ತಿರ 2 ಲಕ್ಷ ಕಿಲೋಮೀಟರ್ ಓಡುತ್ತೆ. ಹೋಗಿ ಬರೋಕೆ ಕನಿಷ್ಠ 130 ಮಿಲಿಸೆಕೆಂಡ್, ಕೇಬಲ್ ಸುತ್ತಿಕೊಂಡು ಹೋಗೋದರಿಂದ ನಿಜದಲ್ಲಿ ಅದಕ್ಕಿಂತ ಬಹಳ ಜಾಸ್ತಿ. ಹಾಗೆ ಅಳೆದರೆ ನೀವು ಅಳೆದದ್ದು ಸಮುದ್ರವನ್ನ, ಶೇಂಗಾ ಹೊಲವನ್ನಲ್ಲ. ನಾಳೆ ರೈತರಿಗೆ ಇದನ್ನ ಕೊಡುವಾಗ ಸರ್ವರ್ ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುತ್ತೆ.

ಹೀಗೆ ಮಾಡಿ. ಮೊದಲು ಹೊಲಕ್ಕೆ ಹೋಗಿ, ರೈತರ ಹತ್ರ ಇರೋ ಅಂಥದ್ದೇ ಸಿಮ್ ಹಾಕಿ, ಮುಂಬೈಯ ಒಂದು ಸರ್ವರ್‌ಗೆ ಬೆಳಗಿಂದ ಸಂಜೆವರೆಗೆ ಪಿಂಗ್, ಅಂದ್ರೆ ಹೋಗಿ ಬರೋ ಸಮಯ ತಿಳಿಸೋ ಸಣ್ಣ ಸಂದೇಶ, ಕಳಿಸ್ತಾ ಇರಿ. ಎಷ್ಟು ತಡ, ತಡದಲ್ಲಿ ಎಷ್ಟು ಏರಿಳಿತ, ಎಷ್ಟು ಪ್ಯಾಕೆಟ್ (ದತ್ತಾಂಶದ ತುಣುಕು) ಕಳೆದುಹೋದವು, ಫೋಟೊ ಮೇಲಕ್ಕೆ ಹೋಗೋ ವೇಗ ಎಷ್ಟು, ಎಲ್ಲ ದಾಖಲಿಸಿ. ಒಂದೇ ಜಾಗ ಬೇಡ. ಊರ ಹತ್ತಿರ ಒಂದು, ಗುಡ್ಡದ ಮರೆಯಲ್ಲಿ ಒಂದು. ಆಮೇಲೆ ಟೆಸ್ಟ್‌ಬೆಡ್‌ನಲ್ಲಿ ಎರಡು ಯಂತ್ರ ತಗೊಂಡು ಒಂದನ್ನ ಹೊಲ ಅಂತ, ಇನ್ನೊಂದನ್ನ ಮುಂಬೈ ಅಂತ ಮಾಡಿ. ನಡುವಿನ ತಂತಿಗೆ ಲಿನಕ್ಸ್‌ನಲ್ಲೇ ಇರೋ, ಬೇಕಾದ ನೆಟ್‌ವರ್ಕ್ ತೊಂದರೆಯನ್ನ ಹಾಕೋ ನೆಟೆಮ್ ಅನ್ನೋ ಸಾಧನ ಬಳಸಿ ನೀವು ದಾಖಲಿಸಿದ ತಡ, ನಷ್ಟ ಎರಡನ್ನೂ ಹಾಕಿ. ಚಳ್ಳಕೆರೆಯ ನೆಟ್‌ವರ್ಕ್ ಈಗ ನಿಮ್ಮ ಹಿಡಿತದಲ್ಲಿದೆ. ಮಳೆ ದಿನದ ಸಿಗ್ನಲ್ ಬೇಕಾದರೆ ಮಳೆಗೆ ಕಾಯಬೇಕಾಗಿಲ್ಲ. ಒಮ್ಮೆ ದಾಖಲಿಸಿದ್ದನ್ನ ಸಾವಿರ ಸಲ ಓಡಿಸಬಹುದು.

ಪ್ರತಿ ಸಲ ಒಂದೇ ಒಂದು ಸಂಗತಿ ಬದಲಾಯಿಸಿ. ಇದನ್ನ ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮೂರ ಪಕ್ಕದ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊದವರು ಮರುಬಳಕೆ ರಾಕೆಟ್ ವಾಹನ ಇಳಿಸಿದ್ದನ್ನ ನೆನಪಿಸಿಕೊಳ್ಳಿ. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್‌ನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು, ತಾನಾಗೇ ರನ್‌ವೇಗೆ ಬಂದು ಇಳೀತು. 2024ರ ಮಾರ್ಚ್‌ನಲ್ಲಿ ರನ್‌ವೇ ಗೆರೆಯಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು, ಜೂನ್‌ನಲ್ಲಿ 500 ಮೀಟರ್ ಪಕ್ಕಕ್ಕೆ, ಗಾಳಿಯೂ ಜೋರಿತ್ತು. ಕಷ್ಟವನ್ನ ಹಂತಹಂತವಾಗಿ, ಅಳೆದು ಏರಿಸಿದ್ದರಿಂದಲೇ ಮೂರನೇ ಇಳಿತಕ್ಕೆ ಅಷ್ಟು ಬೆಲೆ. ನಿಮ್ಮ ಪ್ರಯೋಗಕ್ಕೂ ಅದೇ ಕ್ರಮ ಇರಲಿ: ಮೊದಲು ಒಳ್ಳೇ ಸಿಗ್ನಲ್, ಆಮೇಲೆ ತಡ ಮಾತ್ರ, ಆಮೇಲೆ ನಷ್ಟ ಮಾತ್ರ, ಕೊನೆಗೆ ಎರಡೂ.

ಸಂಶೋಧಕಿ, ಬೆಂಗಳೂರು, ತವರು ಹೊಳಲ್ಕೆರೆ:

ಒಂದು ಸಣ್ಣ ಮಾತು ಸೇರಿಸ್ತೀನಿ, ಯಾರಾದರೂ ಪರಮ್ ಸೂಪರ್‌ಕಂಪ್ಯೂಟರ್ ಕೇಳಿ ಅಂತ ಹೇಳೇ ಹೇಳ್ತಾರೆ. 2015ರಲ್ಲಿ ಮಂಜೂರಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ನಲ್ಲಿ ಬಂದ ಪರಮ್ ಪ್ರವೇಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ (ಐಐಎಸ್‌ಸಿ), ವೇಗ 3.3 ಪೆಟಾಫ್ಲಾಪ್ಸ್, ಅಂದ್ರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿರೋ ಐಐಎಸ್‌ಸಿಯ ಇನ್ನೊಂದು ಕ್ಯಾಂಪಸ್ಸಿನಲ್ಲಿ ಇದೆ ಅಂತ ನಮ್ಮ ಕಡೆ ಕೆಲವರು ತಿಳಿದಿದ್ದಾರೆ, ಅಲ್ಲ, ಅದು ಬೆಂಗಳೂರಿನ ಕ್ಯಾಂಪಸ್ಸಿನಲ್ಲಿ. ಮಳೆ ಮುನ್ಸೂಚನೆ, ಅಣುಗಳ ಲೆಕ್ಕದಂಥ ಭಾರಿ ಕೆಲಸಕ್ಕೆ ಅಂಥ ಯಂತ್ರ ಬೇಕು. ಅಲ್ಲಿ ಕೆಲಸವನ್ನ ಸರದಿಗೆ ಹಾಕಿ ಕಾಯ್ತೀವಿ. ನೆಟ್‌ವರ್ಕ್ ತಡ ಹಾಕಿ ಆಡೋ ಸ್ವಾತಂತ್ರ್ಯ ಇರೋದಿಲ್ಲ. ನಿಮ್ಮ ಪ್ರಶ್ನೆಗೆ ಅದು ಸರಿಯಾದ ಜಾಗ ಅಲ್ಲ ತಂಗಿ. ಸರ್ ಹೇಳಿದ ದಾರಿ ಸರಿ ಇದೆ.

ಕೇಳಿದವರು:

ಅಕ್ಕ, ಚಳ್ಳಕೆರೆ ಅಣ್ಣ, ಈಗ ಮನಸ್ಸು ತಿಳಿಯಾಯ್ತು. ಅಳತೆ ಎರಡು ಭಾಗ ಅಂತ ನನಗೆ ಹೊಳೆದೇ ಇರಲಿಲ್ಲ. ಹೊಲದ್ದು ಹೊಲದಲ್ಲೇ ಆಗಬೇಕು.

ಇವತ್ತು ಮಧ್ಯಾಹ್ನ ಗೈಡ್ ಅರ್ಜಿ ಹಾಕಿದ್ರು. ಖಾತೆ ಸಿಗೋವರೆಗೆ ಸುಮ್ಮನೆ ಕೂರೋದಿಲ್ಲ. ಲ್ಯಾಬಿನ ಒಂದು ಹಳೇ ಕಂಪ್ಯೂಟರನ್ನ ಪೂರ್ತಿ ಅಳಿಸಿ, ಖಾಲಿಯಿಂದ ಫಲಿತಾಂಶದವರೆಗೆ ಒಂದೇ ಸ್ಕ್ರಿಪ್ಟ್ ಬರೆಯೋಕೆ ಶುರು ಮಾಡಿದ್ದೀನಿ. ಎರಡು ಸಲ ಅರ್ಧಕ್ಕೆ ನಿಂತಿದೆ. ಎರಡೂ ಸಲ ನಾನು ಎಂದೋ ಕೈಯಲ್ಲಿ ಹಾಕಿ ಮರೆತಿದ್ದ ಲೈಬ್ರರಿಯೇ ಕಾರಣ.

ಭಾನುವಾರ ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಹೊರಟಿದ್ದೀನಿ, ಜೊತೆಗೆ ತಮ್ಮ ಬರ್ತಾನೆ. ಎರಡು ಸಿಮ್, ಒಂದು ಬೋರ್ಡ್, ಎರಡು ಪವರ್ ಬ್ಯಾಂಕ್ ಇವೆ. ಅಣ್ಣ, ಗುಡ್ಡದ ಮರೆಯ ಜಾಗ ಅಂದ್ರಲ್ಲ, ಯಾವ ಊರಿನ ಹತ್ರ ಹೋದರೆ ಸಿಗ್ನಲ್ ನಿಜವಾಗಿಯೂ ಕೆಟ್ಟದಾಗಿರುತ್ತೆ ಹೇಳ್ತೀರಾ?